ಮಿತ ಓಟ, ಒಪ್ಪಿತ ಮೌಲ್ಯ: ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರುಗಳ ವಿಮೆಯ ಚರಿತ್ರೆ

ಮೋಟಾರು ವಾಹನದ ವಿಮೆ ಸಾಮಾನ್ಯವಾಗಿ ಸವಕಳಿಯ ಲೆಕ್ಕದ ಮೇಲೆ ನಿಂತಿರುತ್ತದೆ. ಕಾರು ಹಳತಾದಂತೆ ಅದರ ಬೆಲೆ ಇಳಿಯುತ್ತದೆ; ಬೆಲೆ ಇಳಿದಂತೆ ಅಪಘಾತವಾದಾಗ ಸಿಗುವ ಪರಿಹಾರವೂ ಇಳಿಯುತ್ತದೆ; ಕೊನೆಗೊಂದು ದಿನ ದುರಸ್ತಿಯ ಖರ್ಚು ಕಾರಿನ ಬೆಲೆಯನ್ನು ಮೀರಿ ಅದು ಗುಜರಿಗೆ ಸೇರುತ್ತದೆ. ಈ ಲೆಕ್ಕಕ್ಕೆ ಒಗ್ಗದ ಒಂದು ವರ್ಗದ ಕಾರುಗಳಿಗಾಗಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ 20ನೆಯ ಶತಮಾನದ ಮಧ್ಯಭಾಗದಿಂದೀಚೆಗೆ ರೂಪುಗೊಂಡ ಕರಾರನ್ನು ಕ್ಲಾಸಿಕ್ ಕಾರು ವಿಮೆ ಎನ್ನುತ್ತಾರೆ. ಇದಕ್ಕೆ ಎರಡು ಆಧಾರಗಳಿವೆ. ಕಾರು ಪೂರ್ಣ ನಾಶವಾದರೆ ಕೊಡಬೇಕಾದ ಮೊತ್ತವನ್ನು ಪಾಲಿಸಿ ಬರೆಯುವಾಗಲೇ ಉಭಯ ಪಕ್ಷಗಳು ಸೇರಿ ಗೊತ್ತುಮಾಡಿಕೊಳ್ಳುವುದು ಒಂದು. ಇದು ಒಪ್ಪಿತ ಮೌಲ್ಯ. ವರ್ಷದಲ್ಲಿ ಇಷ್ಟೇ ಮೈಲಿ ಓಡಿಸುವುದಾಗಿ ಒಡೆಯರು ಮಾತು ಕೊಡುವುದು ಇನ್ನೊಂದು. ಇದು ಮಿತ ಓಟ. ಈ ಎರಡು ಷರತ್ತುಗಳ ಹಿನ್ನೆಲೆಯನ್ನು ಅರಸುತ್ತ ಹೋದರೆ, ಒಂದು ಬಳಕೆಯ ಸರಕು ಪರಂಪರೆಯ ವಸ್ತುವಾಗಿ ಮಾರ್ಪಟ್ಟ ಬಗೆಯೂ, ಹಡಗಿನ ವ್ಯವಹಾರದಲ್ಲಿ ಪಳಗಿದ ತತ್ತ್ವವೊಂದು ರಸ್ತೆಗೆ ಇಳಿದ ಬಗೆಯೂ ಒಟ್ಟಿಗೆ ಗೋಚರವಾಗುತ್ತವೆ.

ಒಪ್ಪಿತ ಮೌಲ್ಯದ ಕಲ್ಪನೆ ಸಮುದ್ರ ವಿಮೆಯಲ್ಲಿ ಬೇರೂರಿದೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ನಡೆಸುತ್ತಿದ್ದ ಕಾಫಿ ಹೌಸಿಗೆ ಹಡಗಿನ ಒಡೆಯರು, ವರ್ತಕರು ಮತ್ತು ಅಪಾಯದಲ್ಲಿ ಪಾಲು ಹೊರಲು ಸಿದ್ಧರಿದ್ದ ಧನಿಕರು ಬಂದು ಸೇರುತ್ತಿದ್ದರು. ಅಲ್ಲಿ ಬೆಳೆದ ವ್ಯವಹಾರವೇ ಮುಂದೆ ಲಾಯ್ಡ್ಸ್ ಎಂಬ ವಿಮಾ ಪೇಟೆಯಾಯಿತು. ಕಳೆದುಕೊಂಡದ್ದನ್ನು ಮಾತ್ರ ತುಂಬಿಕೊಡಬೇಕು, ನಷ್ಟದಿಂದ ಯಾರಿಗೂ ಲಾಭವಾಗಬಾರದು ಎಂಬುದು ವಿಮೆಯ ಮೂಲ ನಿಯಮ. ಆದರೆ ದೂರದ ಕಡಲಿನಲ್ಲಿ ಮುಳುಗಿಹೋದ ಹಡಗಿಗೆ ಮುಳುಗಿದ ಗಳಿಗೆಯಲ್ಲಿ ಎಷ್ಟು ಬೆಲೆಯಿತ್ತು ಎಂಬುದನ್ನು ನಿರ್ಧರಿಸಲು ಸಾಕ್ಷಿಯಾಗಲಿ ಸಂತೆಯಾಗಲಿ ಇರುತ್ತಿರಲಿಲ್ಲವಾದ್ದರಿಂದ, ಹಡಗು ಬಂದರು ಬಿಡುವ ಮೊದಲೇ ಅದರ ಮೌಲ್ಯವನ್ನು ಕರಾರಿನಲ್ಲಿ ಬರೆದುಕೊಳ್ಳುವ ರೂಢಿ ಬೆಳೆಯಿತು. ಬ್ರಿಟನ್ನಿನ 1906ರ ಸಮುದ್ರ ವಿಮಾ ಕಾಯ್ದೆ ಈ ರೂಢಿಗೆ ಶಾಸನದ ರೂಪ ಕೊಟ್ಟು, ವಂಚನೆ ನಡೆದಿರದಿದ್ದರೆ ಪಾಲಿಸಿಯಲ್ಲಿ ನಮೂದಾದ ಮೌಲ್ಯವೇ ಅಂತಿಮವೆಂದು ಸಾರಿತು. ಹಡಗು ಬಂದರಿನಲ್ಲಿ ಲಂಗರು ಹಾಕಿ ಸುಮ್ಮನೆ ನಿಂತಿದ್ದ ಅವಧಿಗೆ ವಿಮಾ ಕಂತಿನ ಒಂದು ಭಾಗವನ್ನು ಹಿಂದಿರುಗಿಸುವ ಪದ್ಧತಿಯೂ ಇದೇ ವ್ಯವಹಾರದಲ್ಲಿ ನೆಲೆಯೂರಿತ್ತು. ಓಡದ ಯಂತ್ರಕ್ಕೆ ಅಪಾಯ ಕಡಿಮೆ, ಅಪಾಯ ಕಡಿಮೆಯಾದಲ್ಲಿ ಕಂತೂ ಕಡಿಮೆಯಿರಬೇಕು ಎಂಬ ಮಿತ ಓಟದ ತರ್ಕ ಅಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

ಮೋಟಾರು ವಿಮೆ ಹುಟ್ಟಿದ್ದು ಮಾತ್ರ ಬೇರೊಂದು ದಾರಿಯಲ್ಲಿ. ಅಮೆರಿಕದ ಹಾರ್ಟ್‌ಫರ್ಡ್ ನಗರದ ಟ್ರಾವೆಲರ್ಸ್ ಕಂಪನಿ 1897-98ರ ಸುಮಾರಿಗೆ ಕಾರಿನ ಒಡೆಯರಿಗೆ ಕೊಟ್ಟ ಮೊದಲ ಪಾಲಿಸಿಗಳು ಕುದುರೆ ಗಾಡಿಗಳಿಗಾಗಿ ಇದ್ದ ಹೊಣೆಗಾರಿಕೆ ಪಾಲಿಸಿಗಳ ಅಚ್ಚಿನಲ್ಲಿ ತಯಾರಾದವು. ಅವುಗಳ ಕಾಳಜಿ ಕಾರಿನ ಬಗ್ಗೆ ಇರದೆ, ಕಾರು ಯಾರಿಗಾದರೂ ಗುದ್ದಿದರೆ ಕೊಡಬೇಕಾದ ಪರಿಹಾರದ ಬಗ್ಗೆ ಇತ್ತು. ಮ್ಯಾಸಚೂಸೆಟ್ಸ್ ರಾಜ್ಯ 1927ರಿಂದಲೂ ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯ ಮೂಲಕವೂ ಈ ಹೊಣೆಗಾರಿಕೆಯ ವಿಮೆಯನ್ನು ಕಡ್ಡಾಯಗೊಳಿಸಿದವು. ಭಾರತದಲ್ಲಿ ಥರ್ಡ್ ಪಾರ್ಟಿ ವಿಮೆ ಎಂದು ಎಲ್ಲರೂ ಬಲ್ಲದ್ದು ಇದನ್ನೇ. ಸ್ವಂತ ಕಾರಿನ ಹಾನಿಗೆ ಪರಿಹಾರ ಕೊಡುವ ವಿಮೆ ಅದರ ಜೊತೆಗೆ ಬೆಳೆಯಿತಾದರೂ, ಅದು ಸಮುದ್ರ ವಿಮೆಯ ಒಪ್ಪಿತ ಮೌಲ್ಯವನ್ನು ಅನುಸರಿಸಲಿಲ್ಲ. ಒಂದೇ ಅಚ್ಚಿನಿಂದ ಲಕ್ಷಗಟ್ಟಲೆ ಹೊರಬರುವ ಕಾರಿನ ಬೆಲೆಯನ್ನು ಯಾವ ಊರಿನ ಪೇಟೆಯಲ್ಲಾದರೂ ವಿಚಾರಿಸಿ ತಿಳಿಯಬಹುದಾಗಿದ್ದರಿಂದ, ನಷ್ಟವಾದ ದಿನದ ಮಾರುಕಟ್ಟೆ ಬೆಲೆಯನ್ನಷ್ಟೇ ಕೊಡುವುದು ನ್ಯಾಯವೆನಿಸಿತು. ಸಾಮಾನ್ಯ ಕಾರಿನ ಮಟ್ಟಿಗೆ ಅದು ಇಂದಿಗೂ ನ್ಯಾಯವೇ.

ಹಳೆಯ ಕಾರು ಹಳೆಯದಾಗಿರುವ ಕಾರಣಕ್ಕೇ ಬೆಲೆಬಾಳುತ್ತದೆ ಎಂಬ ಭಾವನೆ 1930ರ ದಶಕದಲ್ಲಿ ಸಂಘಟಿತ ರೂಪ ತಾಳಿತು. ಬ್ರಿಟನ್ನಿನಲ್ಲಿ 1930ರಲ್ಲಿ ವೆಟರನ್ ಕಾರ್ ಕ್ಲಬ್ಬೂ 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬೂ, ಅಮೆರಿಕದ ಫಿಲಡೆಲ್ಫಿಯಾದಲ್ಲಿ 1935ರಲ್ಲಿ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕವೂ ಸ್ಥಾಪನೆಯಾದವು. ಈ ಕ್ಲಬ್ಬುಗಳು ಕಾರುಗಳ ತಯಾರಿಕೆಯ ವರ್ಷವನ್ನು ಪರಿಶೀಲಿಸಿ, ವರ್ಗೀಕರಿಸಿ, ಮೂಲ ಸ್ಥಿತಿಯ ಬಗ್ಗೆ ಅಭಿಪ್ರಾಯ ಕೊಡತೊಡಗಿದ್ದು ವಿಮೆಯ ಚರಿತ್ರೆಗೆ ಮುಖ್ಯವಾದ ಬೆಳವಣಿಗೆ. ಏಕೆಂದರೆ ಪೇಟೆಯ ಧಾರಣೆ ಪಟ್ಟಿಯಲ್ಲಿ ಹೆಸರೇ ಇಲ್ಲದ ಕಾರಿಗೆ ಬೆಲೆ ಕಟ್ಟಬಲ್ಲ ತಿಳಿವಳಿಕೆ ಅವುಗಳ ಸದಸ್ಯರಲ್ಲಿ ಮಾತ್ರ ಇತ್ತು. 1947ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆರಂಭವಾದ ಗ್ರಂಡಿ ಸಂಸ್ಥೆ ಸಂಗ್ರಹದ ಕಾರುಗಳಿಗೆ ಒಪ್ಪಿತ ಮೌಲ್ಯದ ಪಾಲಿಸಿಯನ್ನು ಮೊದಲು ರೂಪಿಸಿದ್ದು ತಾನೇ ಎಂದು ಹೇಳಿಕೊಳ್ಳುತ್ತದೆ. ಆಗ ಅದು ರಕ್ಷಿಸುತ್ತಿದ್ದುದು ಮುಖ್ಯವಾಗಿ ಹಿಂದಿನ ತಲೆಮಾರಿನ ಕಾರುಗಳನ್ನು. ಅವು ಮೆರವಣಿಗೆಗೂ ಪ್ರದರ್ಶನಕ್ಕೂ ಅಷ್ಟೇ ಹೊರಬರುತ್ತಿದ್ದುದರಿಂದ ಓಟದ ಮಿತಿ ಅಲ್ಲಿ ಸಹಜವಾಗಿಯೇ ಪಾಲನೆಯಾಗುತ್ತಿತ್ತು.

ಆ ಸಹಜ ಸ್ಥಿತಿಯನ್ನು ಕದಡಿದ್ದು ಆಮದು ಸ್ಪೋರ್ಟ್ಸ್ ಕಾರು. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾದ ಬ್ರಿಟನ್ ವಿದೇಶಿ ವಿನಿಮಯಕ್ಕಾಗಿ ಹಪಹಪಿಸುತ್ತ, ರಫ್ತು ಮಾಡುವ ಕಾರು ತಯಾರಕರಿಗೆ ಉಕ್ಕಿನ ಹಂಚಿಕೆಯಲ್ಲಿ ಆದ್ಯತೆ ಕೊಟ್ಟಿತು. ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಅಮೆರಿಕನ್ ಸೈನಿಕರು ಅಲ್ಲಿಯ ಪುಟ್ಟ ಎರಡು ಆಸನದ ಕಾರುಗಳ ರುಚಿ ಹತ್ತಿಸಿಕೊಂಡು ಮರಳಿದ್ದರು. 1945ರಿಂದ 1949ರವರೆಗೆ ಅಬಿಂಗ್‌ಡನ್ ಕಾರ್ಖಾನೆಯಲ್ಲಿ ತಯಾರಾದ ಸುಮಾರು 10,000 ಎಂಜಿ ಟಿಸಿ ಕಾರುಗಳಲ್ಲಿ ಸುಮಾರು 2,000 ಅಮೆರಿಕಕ್ಕೆ ಹೋದವು. ಸ್ಟೀರಿಂಗ್ ಬಲಭಾಗದಲ್ಲಿದ್ದರೂ, ಎಂಜಿನ್ನಿನ ಗಾತ್ರ 1,250 ಸಿಸಿ ಮಾತ್ರವಾಗಿದ್ದರೂ, ಅವುಗಳ ಸುತ್ತ ಒಂದು ಹೊಸ ಅಭಿರುಚಿಯೇ ಬೆಳೆಯಿತು. ಆಸ್ಟ್ರಿಯದಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ ಮ್ಯಾಕ್ಸ್ ಹಾಫ್‌ಮನ್ ಜಾಗ್ವಾರ್, ಪೋರ್ಷೆ, ಮರ್ಸಿಡಿಸ್ ಕಾರುಗಳನ್ನು ಆಮದು ಮಾಡಿಕೊಂಡು ಮಾರಿದುದಲ್ಲದೆ, ತಯಾರಕರ ಮನವೊಲಿಸಿ ಹೊಸ ಮಾದರಿಗಳನ್ನು ಕೂಡ ಮಾಡಿಸಿದನು. 1954ರಲ್ಲಿ ನ್ಯೂಯಾರ್ಕಿನಲ್ಲೇ ಅನಾವರಣಗೊಂಡ, ಬಾಗಿಲುಗಳು ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಮರ್ಸಿಡಿಸ್ 300 ಎಸ್‌ಎಲ್ ಕೂಪೆ ಅಂಥದೊಂದು ಮಾದರಿ. 1957ರವರೆಗೆ ತಯಾರಾದ ಅಂಥ 1,400 ಕಾರುಗಳಲ್ಲಿ ಬಹುಪಾಲು ಅಮೆರಿಕಕ್ಕೇ ಹೋದವು.

ವಿಮಾ ಕಂಪನಿಗಳ ದೃಷ್ಟಿಯಲ್ಲಿ ಇಂಥ ಕಾರು ಅನೇಕ ತೊಡಕುಗಳ ಮೂಟೆಯಾಗಿತ್ತು. ಅದು ವೇಗಕ್ಕಾಗಿಯೇ ಹುಟ್ಟಿದ್ದು, ಅದನ್ನು ಕೊಳ್ಳುವವರಲ್ಲಿ ಯುವಕರು ಹೆಚ್ಚು, ಅದರ ಬಿಡಿಭಾಗಗಳು ಸಮುದ್ರ ದಾಟಿ ಬರಬೇಕು, ಅದನ್ನು ಸರಿಪಡಿಸಬಲ್ಲ ಮೆಕ್ಯಾನಿಕ್‌ಗಳು ವಿರಳ. ಆದುದರಿಂದ ಹೊಸದಿದ್ದಾಗ ಅದಕ್ಕೆ ದುಬಾರಿ ಕಂತು ಬೀಳುತ್ತಿತ್ತು. ಹಳೆಯದಾದ ಮೇಲೆ, ಬೆಲೆಯ ಪಟ್ಟಿಯಲ್ಲಿ ಅದರ ಮೌಲ್ಯ ನೆಲ ಕಚ್ಚಿರುತ್ತಿದ್ದುದರಿಂದ, ಒಂದು ಬಾಗಿಲು ಜಜ್ಜಿದರೂ ದುರಸ್ತಿಯ ಖರ್ಚು ಬೆಲೆಯನ್ನು ಮೀರಿ ಇಡೀ ಕಾರನ್ನೇ ಪೂರ್ಣ ನಷ್ಟವೆಂದು ಬರೆದುಹಾಕುವುದು ಸುಲಭವಾಗಿತ್ತು. ವರ್ಷಗಟ್ಟಲೆ ಶ್ರಮಪಟ್ಟು ಕಾರನ್ನು ಉಳಿಸಿಕೊಂಡ ಒಡೆಯರ ಕೈಗೆ ಅಲ್ಪ ಮೊತ್ತ ಸಿಗುತ್ತಿತ್ತು, ಕಾರು ಗುಜರಿಗೆ ಹೋಗುತ್ತಿತ್ತು. ವಿಮೆ ಮಾಡಿಸಿದ್ದರಿಂದಲೇ ಕಾರನ್ನು ಕಳೆದುಕೊಳ್ಳಬೇಕಾದ ಈ ವಿಪರೀತ ಸ್ಥಿತಿ ಕ್ಲಾಸಿಕ್ ವಿಮೆಯ ಅಗತ್ಯವನ್ನು ಬೇರೆ ಯಾವ ವಾದಕ್ಕಿಂತಲೂ ಬಲವಾಗಿ ಎತ್ತಿಹಿಡಿಯಿತು.

ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಹೊಸ ಸ್ಪೋರ್ಟ್ಸ್ ಕಾರುಗಳ ನಡುವೆ ಕಾನೂನು ಒಂದು ಗಡಿಯನ್ನೂ ಎಳೆಯಿತು. ಅಮೆರಿಕದಲ್ಲಿ 1968ರ ಜನವರಿ 1ರಿಂದ ಜಾರಿಗೆ ಬಂದ ಸುರಕ್ಷತಾ ಮಾನದಂಡಗಳೂ ಅದೇ ಕಾಲದಲ್ಲಿ ಬಿಗಿಯಾದ ಹೊಗೆ ನಿಯಂತ್ರಣದ ನಿಯಮಗಳೂ ಯುರೋಪಿನ ಸಣ್ಣ ತಯಾರಕರಿಗೆ ಭಾರವಾದವು. 1961ರಲ್ಲಿ ಜಿನೀವಾದಲ್ಲಿ ಬೆಳಕು ಕಂಡ ಜಾಗ್ವಾರ್ ಇ-ಟೈಪ್ 1974ರಲ್ಲಿ ನಿಂತುಹೋಯಿತು. 1962ರಿಂದ 5 ಲಕ್ಷಕ್ಕೂ ಹೆಚ್ಚು ತಯಾರಾದ ಎಂಜಿಬಿ, ನಿಯಮಗಳಿಗೆ ಹೊಂದಿಕೊಳ್ಳಲು ದಪ್ಪ ರಬ್ಬರ್ ಬಂಪರ್ ತೊಟ್ಟು, ಎತ್ತರ ಹೆಚ್ಚಿಸಿಕೊಂಡು, ಶಕ್ತಿ ಕಳೆದುಕೊಂಡು 1980ರಲ್ಲಿ ಕಣ್ಮರೆಯಾಯಿತು. ನಿಯಮಗಳಿಗೆ ಮೊದಲಿನ ಹಗುರ, ಸರಳ ಕಾರುಗಳು ಮತ್ತೆ ತಯಾರಾಗಲಾರವು ಎಂಬ ಅರಿವು ಮೂಡಿದಂತೆ, ಬದುಕುಳಿದವುಗಳ ಬೆಲೆ ಏರತೊಡಗಿತು. ಸವಕಳಿಯ ಪಟ್ಟಿ ಕೆಳಕ್ಕೆ ಹೋಗುತ್ತಿದ್ದ ಕಾಲದಲ್ಲೇ ಹರಾಜಿನ ಬೆಲೆ ಮೇಲಕ್ಕೆ ಹೋಗುತ್ತಿದ್ದುದರಿಂದ, ಒಪ್ಪಿತ ಮೌಲ್ಯ ಅನಿವಾರ್ಯವಾಯಿತು.

1980ರ ದಶಕದ ಕೊನೆಯ ವರ್ಷಗಳು ಈ ಕಥೆಯ ತಿರುವು. ಹೂಡಿಕೆದಾರರು ಹಳೆಯ ಫೆರಾರಿ, ಜಾಗ್ವಾರ್, ಆಸ್ಟನ್ ಮಾರ್ಟಿನ್‌ಗಳನ್ನು ಷೇರುಗಳಂತೆ ಕೊಳ್ಳತೊಡಗಿದರು. 1988ರ ಆಗಸ್ಟ್‌ನಲ್ಲಿ ಎಂಜೊ ಫೆರಾರಿ ತೀರಿಕೊಂಡ ಮೇಲೆ ಅವರ ಕಂಪನಿಯ ಕಾರುಗಳ ಬೆಲೆ ಮತ್ತಷ್ಟು ಚಿಮ್ಮಿತು. 1990ರ ನಂತರ ಇಡೀ ಪೇಟೆ ಕುಸಿಯಿತು. ಬೆಲೆ ಏರುವಾಗ ಹಿಂದಿನ ವರ್ಷ ಬರೆದ ಮೌಲ್ಯ ಕಾರಿಗೆ ಸಾಲುತ್ತಿರಲಿಲ್ಲ. ಬೆಲೆ ಬಿದ್ದಾಗ ಕಾರಿಗಿಂತ ಪಾಲಿಸಿಯೇ ಹೆಚ್ಚು ಬೆಲೆಬಾಳುತ್ತಿತ್ತು. ವಸ್ತುವಿಗಿಂತ ಅದರ ನಾಶ ಲಾಭಕರವಾದರೆ ಒಡೆಯರ ಜಾಗ್ರತೆ ಸಡಿಲಗೊಳ್ಳುತ್ತದೆ ಎಂಬುದು ವಿಮಾಶಾಸ್ತ್ರದ ಹಳೆಯ ಭಯ. ಅದನ್ನು ನೈತಿಕ ಅಪಾಯ ಎನ್ನುತ್ತಾರೆ. ಒಪ್ಪಿತ ಮೌಲ್ಯವನ್ನು ಪಾಲಿಸಿ ನವೀಕರಿಸುವಾಗಲೆಲ್ಲ ಪರಿಶೀಲಿಸುವುದು, ಕ್ಲಬ್ಬಿನ ಅಥವಾ ಸ್ವತಂತ್ರ ತಜ್ಞರ ಮೌಲ್ಯಮಾಪನ ಪತ್ರ ಕೇಳುವುದು, ಕಾರಿನ ನಾಲ್ಕು ದಿಕ್ಕಿನ, ಎಂಜಿನ್ನಿನ, ಒಳಾಂಗಣದ ಮತ್ತು ಷಾಸಿ ಸಂಖ್ಯೆಯ ಛಾಯಾಚಿತ್ರಗಳನ್ನು ಪಡೆಯುವುದು ಇವೆಲ್ಲ ಆ ಭಯಕ್ಕೆ ಕೊಟ್ಟ ಉತ್ತರಗಳು.

ಅದೇ ಅವಧಿಯಲ್ಲಿ ಸಮುದ್ರ ವಿಮೆಯ ಪರಂಪರೆ ಹಳೆಯ ಕಾರುಗಳನ್ನು ಮತ್ತೊಮ್ಮೆ ನೇರವಾಗಿ ತಾಕಿತು. ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಫ್ರ್ಯಾಂಕ್ ಮತ್ತು ಲೂಯೀಸ್ ಹ್ಯಾಗರ್ಟಿ ದಂಪತಿ 1984ರಲ್ಲಿ ಹಳೆಯ ಮರದ ದೋಣಿಗಳಿಗೆಂದು ಒಂದು ವಿಮಾ ಸಂಸ್ಥೆ ಆರಂಭಿಸಿದರು. ಮಹಾ ಸರೋವರಗಳ ಆ ಪ್ರದೇಶದಲ್ಲಿ ದೋಣಿಗಳು ಬೇಸಿಗೆಯಲ್ಲಿ ಮಾತ್ರ ನೀರಿಗಿಳಿದು ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಇರುತ್ತವೆ. ಅವುಗಳ ಒಡೆಯರು ಅವನ್ನು ಜೋಪಾನದಿಂದ ನೋಡಿಕೊಳ್ಳುತ್ತಾರೆ. ಅಂಥ ಒಡೆಯರೇ ಹಳೆಯ ಕಾರುಗಳನ್ನೂ ಇಟ್ಟುಕೊಳ್ಳುವವರು ಎಂಬುದು ಸ್ಪಷ್ಟವಾಗಿ, 1991ರಲ್ಲಿ ಸಂಸ್ಥೆ ಕಾರುಗಳ ವಿಮೆಗೂ ಕೈಹಾಕಿತು. ಮುಂದೆ ಅದು ಈ ಕ್ಷೇತ್ರದ ಅತಿ ಪರಿಚಿತ ಹೆಸರುಗಳಲ್ಲಿ ಒಂದಾಯಿತು. ಅಪಾಯವನ್ನು ಅಳೆಯುವಾಗ ವಾಹನದ ವೇಗದ ಶಕ್ತಿಗಿಂತ ಒಡೆಯರ ಮಮತೆಗೆ ಹೆಚ್ಚು ತೂಕ ಕೊಟ್ಟದ್ದೇ ಈ ವ್ಯವಹಾರದ ಮುಖ್ಯ ಒಳನೋಟ. ಹೊಸದಿದ್ದಾಗ ಅಪಾಯಕಾರಿಯೆನಿಸಿದ್ದ ಸ್ಪೋರ್ಟ್ಸ್ ಕಾರು ಹಳೆಯದಾದ ಮೇಲೆ ಅಗ್ಗದ ಕಂತಿಗೆ ಅರ್ಹವಾದದ್ದು ಈ ಒಳನೋಟದಿಂದ.

ಆ ಮಮತೆಗೆ ಪುರಾವೆ ಒದಗಿಸುವ ಸಾಧನವೇ ಮಿತ ಓಟದ ಷರತ್ತು. ಬ್ರಿಟನ್ನಿನಲ್ಲಿ ವರ್ಷಕ್ಕೆ 1,500, 3,000 ಅಥವಾ 5,000 ಮೈಲಿ ಎಂಬಂಥ ಹಂತಗಳಲ್ಲಿ ಒಡೆಯರು ಒಂದನ್ನು ಆರಿಸಿಕೊಳ್ಳುವುದುಂಟು. ಹಂತ ಕೆಳಗಿದ್ದಷ್ಟೂ ಕಂತು ಕಡಿಮೆ. ಇದರ ಜೊತೆಗೆ ಬೀಗವಿರುವ ಗ್ಯಾರೇಜು, ದಿನಬಳಕೆಗೆ ಬೇರೊಂದು ಕಾರು, ಕೆಲವು ವರ್ಷಗಳ ಚಾಲನಾನುಭವ ಇರಬೇಕು. ಕಚೇರಿಗೆ ಹೋಗಿಬರಲು ಕಾರು ಬಳಸಕೂಡದು, ಪಂದ್ಯಕ್ಕೆ ಇಳಿಸಕೂಡದು ಎಂಬ ಷರತ್ತುಗಳೂ ಸೇರಿಕೊಳ್ಳುತ್ತವೆ. ಕಾರು ಪೂರ್ಣ ನಷ್ಟವೆಂದು ಘೋಷಿತವಾದರೂ ಅದರ ಅವಶೇಷವನ್ನು ಮರಳಿ ಪಡೆಯುವ ಹಕ್ಕನ್ನು ಒಡೆಯರಿಗೆ ಉಳಿಸುವ ಷರತ್ತನ್ನು ಕೆಲವು ಪಾಲಿಸಿಗಳು ಅಳವಡಿಸಿಕೊಂಡದ್ದು ಒಂದು ದೊಡ್ಡ ಮುನ್ನಡೆ. ಮೂಲ ಷಾಸಿ ಉಳಿದರೆ ಮುಂದೆಂದಾದರೂ ಕಾರು ಮತ್ತೆ ಎದ್ದುನಿಲ್ಲಬಹುದು.

ಮೈಲಿಯ ಮಾತನ್ನು ಪರೀಕ್ಷಿಸುವ ಕೆಲಸ ಓಡೋಮೀಟರಿನದು. 1950-60ರ ದಶಕಗಳ ಬಹುತೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಗೇರ್ ಬಾಕ್ಸಿನಿಂದ ಹೊರಟ ತಿರುಚು ತಂತಿಯೊಂದು, ಅಂದರೆ ಸ್ಪೀಡೋಮೀಟರ್ ಕೇಬಲ್, ಡ್ಯಾಷ್‌ಬೋರ್ಡಿನ ಮಾಪಕದೊಳಗೆ ಸಾಲಾಗಿ ಜೋಡಿಸಿದ ಅಂಕಿಗಾಲಿಗಳನ್ನು ಹಲ್ಲುಚಕ್ರಗಳ ಮೂಲಕ ತಿರುಗಿಸುತ್ತದೆ. ಪೂರ್ಣ ಮೈಲಿಗಳಿಗೆ ಐದು ಅಂಕಿಗಳಷ್ಟೇ ಇದ್ದ ಮಾಪಕಗಳು 99,999 ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ ಎಣಿಸುತ್ತವೆ. ಕೇಬಲ್ ಕಳಚಿದರೆ ಕಾರು ಓಡಿದರೂ ಲೆಕ್ಕ ಓಡುವುದಿಲ್ಲ. ಹಿಂಬದಿಯ ಆಕ್ಸಲಿನ ಗೇರು ಅನುಪಾತವನ್ನಾಗಲಿ ಚಕ್ರದ ಗಾತ್ರವನ್ನಾಗಲಿ ಬದಲಿಸಿದರೆ ಲೆಕ್ಕ ತಪ್ಪುತ್ತದೆ. ಓಡೋಮೀಟರನ್ನು ತಿದ್ದುವುದನ್ನು ಅಮೆರಿಕ 1972ರ ಕಾಯ್ದೆಯಿಂದ ದೇಶಾದ್ಯಂತ ನಿಷೇಧಿಸಿತು. ಇಂಥ ಮಾಪಕವನ್ನು ನಂಬಿ ಕರಾರು ಬರೆಯಬೇಕಾದ್ದರಿಂದ, ವರ್ಷದ ಆರಂಭದ ಮತ್ತು ಕೊನೆಯ ಓದಿನ ಛಾಯಾಚಿತ್ರ, ದುರಸ್ತಿಯ ರಸೀದಿಗಳು, ವಾರ್ಷಿಕ ತಪಾಸಣೆಯ ದಾಖಲೆಗಳು ಒಂದಕ್ಕೊಂದು ತಾಳೆಯಾಗಬೇಕೆಂಬ ಕ್ರಮ ಬೆಳೆಯಿತು. ಈ ಕಾಗದಗಳ ಕಂತೆಯೇ ಕ್ರಮೇಣ ಕಾರಿನ ಜೀವನಚರಿತ್ರೆಯಾಗಿ, ಅದರ ಮಾರಾಟದ ಬೆಲೆಯನ್ನೂ ನಿರ್ಧರಿಸತೊಡಗಿತು.

ಹಳೆಯ ಕಾರಿನ ಪ್ರತ್ಯೇಕ ಸ್ಥಾನವನ್ನು ಸರ್ಕಾರಗಳೂ ಒಪ್ಪಿಕೊಂಡವು. ಜರ್ಮನಿ 1997ರಲ್ಲಿ, 30 ವರ್ಷ ದಾಟಿ ಮೂಲ ಸ್ಥಿತಿಯಲ್ಲಿರುವ ವಾಹನಗಳಿಗೆ ಎಚ್ ಅಕ್ಷರದ ವಿಶೇಷ ಫಲಕ ನೀಡಿತು; ಬ್ರಿಟನ್ 40 ವರ್ಷ ಮೀರಿದವುಗಳಿಗೆ ರಸ್ತೆ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. 1966ರಲ್ಲಿ ಸ್ಥಾಪನೆಯಾದ ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಐತಿಹಾಸಿಕ ವಾಹನವು ಕನಿಷ್ಠ 30 ವರ್ಷದ್ದಾಗಿರಬೇಕು, ದಿನನಿತ್ಯದ ಸಾರಿಗೆಗೆ ಬಳಕೆಯಾಗುತ್ತಿರಬಾರದು ಎನ್ನುತ್ತದೆ. ವಿಮಾ ಕಂಪನಿಗಳ ಓಟದ ಮಿತಿ ಮತ್ತು ಈ ವ್ಯಾಖ್ಯೆ ಎರಡೂ ಒಂದೇ ನೆಲೆಗೆ ಬಂದು ನಿಂತದ್ದು ಗಮನಾರ್ಹ.

ಆಮದಿನ ಎರಡನೆಯ ಅಲೆ ಜಪಾನಿನಿಂದ ಎದ್ದಿತು. ಅಮೆರಿಕದ 1988ರ ಆಮದು ವಾಹನ ಸುರಕ್ಷತಾ ಕಾಯ್ದೆಯ ವ್ಯವಸ್ಥೆಯಲ್ಲಿ, ಅಲ್ಲಿಯ ಮಾನದಂಡಕ್ಕೆ ಹೊಂದದ ಕಾರನ್ನು ತಯಾರಾಗಿ 25 ವರ್ಷ ತುಂಬಿದ ಮೇಲೆ ನಿರಾತಂಕವಾಗಿ ತರಿಸಿಕೊಳ್ಳಬಹುದು. 1989ರಲ್ಲಿ ಮಾರಾಟಕ್ಕೆ ಬಂದ ನಿಸಾನ್ ಸ್ಕೈಲೈನ್ ಜಿಟಿ-ಆರ್ ಹೀಗೆ 2014ರಲ್ಲಿ ಅಮೆರಿಕದ ರಸ್ತೆಗೆ ಅರ್ಹವಾಯಿತು. ಆ ದೇಶದಲ್ಲಿ ಎಂದೂ ಹೊಸದಾಗಿ ಮಾರಾಟವಾಗದ ಕಾರಿಗೆ ಸಾಮಾನ್ಯ ಬೆಲೆ ಪಟ್ಟಿಯಲ್ಲಿ ಜಾಗವಿರಲಿಲ್ಲ, ಅದರ ಷಾಸಿ ಸಂಖ್ಯೆ ಅಲ್ಲಿಯ 17 ಅಕ್ಷರಗಳ ಕ್ರಮಕ್ಕೆ ಹೊಂದುತ್ತಿರಲಿಲ್ಲ, ಓಡೋಮೀಟರ್ ಕಿಲೋಮೀಟರಿನಲ್ಲಿತ್ತು. ಎಂಜಿ ಟಿಸಿಯ ಕಾಲದ ತೊಡಕುಗಳೆಲ್ಲ ಹೊಸ ವೇಷದಲ್ಲಿ ಮರಳಿ ಬಂದಾಗ, ಒಪ್ಪಿತ ಮೌಲ್ಯದ ಪಾಲಿಸಿಯೇ ಪರಿಹಾರವಾಗಿ ಒದಗಿತು.

ಭಾರತದಲ್ಲಿ ಈ ವಿಚಾರ ಸರ್ಕಾರಿ ದರಪಟ್ಟಿಯ ಮೂಲಕ ಬೆಳೆಯಿತು. 2002ರ ಭಾರತೀಯ ಮೋಟಾರು ದರಪಟ್ಟಿ ಘೋಷಿತ ಮೌಲ್ಯ, ಅಂದರೆ ಎಲ್ಲರೂ ಐಡಿವಿ ಎಂದು ಕರೆಯುವ ಮೊತ್ತವನ್ನು ಸವಕಳಿಯ ಮೇಲೆ ನಿಲ್ಲಿಸಿತು: ಮೊದಲ ಆರು ತಿಂಗಳಿಗೆ ಶೇ. 5ರಿಂದ ಹಿಡಿದು ನಾಲ್ಕು ದಾಟಿ ಐದನೆಯ ವರ್ಷಕ್ಕೆ ಶೇ. 50ರವರೆಗೆ ಕಡಿತ, ಐದು ವರ್ಷ ಮೀರಿದರೆ ಉಭಯರ ಒಪ್ಪಿಗೆ. ಒಪ್ಪಿತ ಮೌಲ್ಯದ ಪಾಲಿಸಿಯನ್ನು ಅದು 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದ ಕಾರುಗಳಿಗೆ ಮಾತ್ರ ಮೀಸಲಿರಿಸಿ, ಅವುಗಳ ಸ್ವಂತ ಹಾನಿಯ ಕಂತಿನಲ್ಲಿ ಶೇ. 25ರಷ್ಟು ರಿಯಾಯಿತಿ ಕೊಟ್ಟಿತು. ಗ್ಯಾರೇಜಿನಲ್ಲಿ ನಿಲ್ಲಿಸಿಟ್ಟ ವಾಹನಕ್ಕೆ ಆ ಅವಧಿಯ ಮಟ್ಟಿಗೆ ರಿಯಾಯಿತಿ ಕೊಡುವ ಅವಕಾಶವೂ ಅದರಲ್ಲಿತ್ತು. ಯುದ್ಧಾನಂತರದ ಎಂಜಿ, ಜಾಗ್ವಾರ್, ಟ್ರಯಂಫ್‌ಗಳು ಮಾತ್ರ ಈ ವ್ಯಾಖ್ಯೆಯ ಹೊರಗೇ ಉಳಿದವು. 2021ರ ಕೇಂದ್ರ ನಿಯಮಗಳು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಖಾಸಗಿ ವಾಹನಗಳಿಗೆ ವಿಎ ಸರಣಿಯ ಪ್ರತ್ಯೇಕ ನೋಂದಣಿ ಕಲ್ಪಿಸಿ, ಅರ್ಜಿಯ ಜೊತೆ ವಿಮಾ ಪಾಲಿಸಿಯನ್ನೂ, ಆಮದು ವಾಹನವಾದರೆ ಕಸ್ಟಮ್ಸ್ ಆಮದು ದಾಖಲೆಯನ್ನೂ ಕೇಳಿದವು. ರ‍್ಯಾಲಿ, ಪ್ರದರ್ಶನ, ಇಂಧನ, ದುರಸ್ತಿಯಂಥ ಉದ್ದೇಶಗಳಿಗೆ ಮಾತ್ರ ರಸ್ತೆ ಬಳಕೆಯನ್ನು ಸೀಮಿತಗೊಳಿಸಿದವು. 2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಓಡಿದಷ್ಟಕ್ಕೆ ಕಂತು ಕಟ್ಟುವ ಹೆಚ್ಚುವರಿ ರಕ್ಷಣೆಗೆ ಅನುಮತಿ ಕೊಟ್ಟಿತಾದರೂ, ಅದು ಸಾಮಾನ್ಯ ಕಾರುಗಳನ್ನು ಕುರಿತದ್ದು. ಮಿತ ಓಟ ಮತ್ತು ಒಪ್ಪಿತ ಮೌಲ್ಯಗಳ ಬೆಸುಗೆ ಅದರ ಗುರಿಯಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವೂ 2023ರಲ್ಲಿ ಶ್ರೀರಂಗಪಟ್ಟಣದ ಸಮೀಪ ತೆರೆದ ಪಯಣ ಕಾರು ಸಂಗ್ರಹಾಲಯವೂ ಇಂಥ ಯಂತ್ರಗಳನ್ನು ನಾಡಿನ ಪರಂಪರೆಯೆಂದು ಕಾಪಾಡುತ್ತಿರುವಾಗ, ಖಾಸಗಿ ಮನೆಗಳ ಗ್ಯಾರೇಜುಗಳಲ್ಲಿ ಉಳಿದಿರುವ ಕಾರುಗಳಿಗೂ ನ್ಯಾಯವಾದ ಕರಾರು ದೊರೆಯಬೇಕಾದುದು ಅಗತ್ಯ.

ಈ ದೀರ್ಘ ಬೆಳವಣಿಗೆಯಿಂದ ಹೊರಡುವ ಪಾಠವೆಂದರೆ, ಓಟದ ಮಿತಿ ಒಂದು ವಿನಿಮಯ. ಒಡೆಯರು ಬಳಕೆಯ ಒಂದು ಭಾಗವನ್ನು ಬಿಟ್ಟುಕೊಟ್ಟು, ಸವಕಳಿಯ ಪಟ್ಟಿಯಿಂದ ಕಾರನ್ನು ಬಿಡಿಸಿಕೊಳ್ಳುತ್ತಾರೆ. ಕಂಪನಿ ಕಡಿಮೆ ಕಂತಿಗೆ ಒಪ್ಪಿ, ಜಾಗ್ರತೆಯ ಭರವಸೆ ಪಡೆಯುತ್ತದೆ. ಆದರೆ ಈ ವಿನಿಮಯ ಅತಿಯಾದರೆ ಅದರ ಉದ್ದೇಶವೇ ಕೆಡುತ್ತದೆ. ಓಡದೆ ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಸಿಲಿಂಡರುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ, ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರನ್ನು ಕಟ್ಟುತ್ತದೆ. ಅದನ್ನು ಓಡಿಸಬಲ್ಲ, ಸರಿಪಡಿಸಬಲ್ಲ ಕೈಗಳೂ ಕ್ರಮೇಣ ಇಲ್ಲವಾಗುತ್ತವೆ. ಅಮೆರಿಕದ ಕೆಲವು ಕಂಪನಿಗಳು ಇತ್ತೀಚೆಗೆ ಮೈಲಿಯ ಅಂಕಿಯನ್ನು ಕೈಬಿಟ್ಟು ಬಳಕೆಯ ಉದ್ದೇಶವನ್ನಷ್ಟೇ ಕೇಳುವುದು ಇದೇ ಅರಿವಿನಿಂದ. ದಿನದ ದುಡಿಮೆಗೆ ಬಳಸುವುದನ್ನು ತಡೆದು, ರಜೆಯ ದಿನದ ಓಟವನ್ನೂ ಕ್ಲಬ್ಬಿನ ಪ್ರವಾಸವನ್ನೂ ಪ್ರೋತ್ಸಾಹಿಸುವ ಮಿತಿಯೇ ಒಳ್ಳೆಯ ಮಿತಿ. ಭಾರತದ ವಿಮಾ ಸಂಸ್ಥೆಗಳು 1940ರ ಗಡಿಯಾಚೆಗಿನ ಕಾರುಗಳಿಗೂ ಒಪ್ಪಿತ ಮೌಲ್ಯವನ್ನು ವಿಸ್ತರಿಸಿ, ವರ್ಷಕ್ಕೆ ಸಮಂಜಸವಾದ ಓಟವನ್ನು ನಿಗದಿಪಡಿಸಿ, ಕ್ಲಬ್ಬುಗಳ ತಿಳಿವಳಿಕೆಯನ್ನು ಮೌಲ್ಯಮಾಪನಕ್ಕೆ ಬಳಸಿಕೊಂಡರೆ, ಕಡಲು ದಾಟಿ ಬಂದ ಆ ಯಂತ್ರಗಳು ರಸ್ತೆಯ ಮೇಲೆ ಬದುಕಿರಲು ಬೇಕಾದ ಭದ್ರತೆ ಇಲ್ಲಿಯೂ ದೊರೆಯುತ್ತದೆ.